ಇಷ್ಟವಾಯಿತೇ ಎಂದು ಕೇಳಿದರೆ ಸಾಲದು

ಮಾನ್ಯ ಸಂಪಾದಕರೇ,

ಹಾಂಗ್‌ಕಾಂಗ್‌ನ ಪ್ರೌಢಶಾಲೆಗಳಲ್ಲಿ 2005ರಲ್ಲಿ ಆರಂಭವಾದ ‘ಪಾತ್ಸ್’ನಂಥ ಹದಿಹರೆಯದವರ ಸಕಾರಾತ್ಮಕ ಬೆಳವಣಿಗೆಯ ಕಾರ್ಯಕ್ರಮಗಳನ್ನು ಅಳೆಯುವಾಗ ಮಕ್ಕಳ ಮೆಚ್ಚುಗೆಯನ್ನೇ ಫಲಿತಾಂಶವೆಂದು ತೋರಿಸುವುದು ಸಲ್ಲದು. ಪಾಠ ಮಾಡಿದ ಶಿಕ್ಷಕರೇ ಕೊನೆಯ ದಿನ ಪ್ರಶ್ನಾವಳಿ ಹಂಚಿದರೆ ಮಕ್ಕಳು ಮುಲಾಜಿಗೆ ಬಿದ್ದು ಅಂಕ ಕೊಡುತ್ತಾರೆ. ಅಂದು ಗೈರಾದವರ ಅಭಿಪ್ರಾಯವಂತೂ ಸಿಗುವುದೇ ಇಲ್ಲ.

ಪಾತ್ಸ್ ಇದಕ್ಕೆ ಒಳ್ಳೆಯ ದಾರಿ ತೋರಿಸಿದೆ. ಶಾಲೆಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ, ಯೋಜನೆ ಜಾರಿಯಾಗುವ 24 ಮತ್ತು ಜಾರಿಯಾಗದ 24 ಎಂದು ವಿಂಗಡಿಸಿ, ಅದೇ ಮಕ್ಕಳನ್ನು 5 ವರ್ಷಗಳಲ್ಲಿ 8 ಬಾರಿ ಅಳೆಯಲಾಯಿತು. ಚೀನೀ ಮಕ್ಕಳಿಗೆಂದೇ ರೂಪಿಸಿದ ಮಾಪನದ 90 ಪ್ರಶ್ನೆಗಳು ಪುಟಿದೇಳುವ ಶಕ್ತಿ, ಆತ್ಮವಿಶ್ವಾಸ, ನೈತಿಕ ಸಾಮರ್ಥ್ಯ ಮೊದಲಾದ 15 ಗುಣಗಳನ್ನು ಒಳಗೊಂಡಿವೆ.

ಇಂಥ ಅಧ್ಯಯನ ಎಡವುವುದು ಸಣ್ಣ ಸಂಗತಿಗಳಲ್ಲೇ. ಹೆಸರಿನ ಬದಲು ಗುಪ್ತ ಸಂಖ್ಯೆ ಕೊಡದಿದ್ದರೆ ಮಾದಕ ವಸ್ತು, ಜೂಜಿನಂಥ ಚಟಗಳ ಕುರಿತ ಪ್ರಶ್ನೆಗಳಿಗೆ ಮಕ್ಕಳು ನಿಜ ಬರೆಯುವುದಿಲ್ಲ. ಅದೇ ಸಂಖ್ಯೆ ಮುಂದುವರಿಯದಿದ್ದರೆ ಮೊದಲ ಮತ್ತು ಕೊನೆಯ ಅಳತೆಗಳನ್ನು ಜೋಡಿಸಲಾಗದು. ಒಂದೇ ಶಾಲೆಯ ಮಕ್ಕಳ ಉತ್ತರಗಳು ಪರಸ್ಪರ ಹೋಲುವುದರಿಂದ ಲೆಕ್ಕಾಚಾರ ಶಾಲಾ ಮಟ್ಟವನ್ನೂ ಪರಿಗಣಿಸಬೇಕು; ಇಲ್ಲವಾದರೆ ಇಲ್ಲದ ಪರಿಣಾಮವೂ ಇದ್ದಂತೆ ಕಾಣಬಹುದು. ಪಾತ್ಸ್‌ನ ಪಠ್ಯಕ್ರಮ ವರ್ಷಕ್ಕೆ 10 ಅಥವಾ 20 ಗಂಟೆಗಳದ್ದಾಗಿತ್ತು. ಪರೀಕ್ಷೆ ಸಮೀಪಿಸಿದಂತೆ ಚಟುವಟಿಕೆಗಳಿಗೆ ಕತ್ತರಿ ಬೀಳಬಹುದು. ಹಾಗಾಗಿ ಹೊರಗಿನ ವೀಕ್ಷಕರು ತರಗತಿಯಲ್ಲಿ ಕುಳಿತು, ನಿಜಕ್ಕೂ ಎಷ್ಟು ಪಾಠ ನಡೆಯಿತೆಂದು ದಾಖಲಿಸಲೇಬೇಕು.