ಗೊರೂರು ಅಣೆಕಟ್ಟೆ: ‘ಸುರಕ್ಷಿತ’ ಎನ್ನುವ ಮಾತಿನ ಜೊತೆ ಅಳತೆಯೂ ಬರಲಿ

ಮಾನ್ಯ ಸಂಪಾದಕರೇ,

2022ರ ಜೂನ್ 23ರ ನಸುಕಿನಲ್ಲಿ ಹೊಳೆನರಸೀಪುರ ತಾಲ್ಲೂಕಿನಲ್ಲಿ ಭೂಮಿ ನಡುಗಿತು. ತೀವ್ರತೆ 3.4ರಷ್ಟಿದ್ದ ಆ ಕಂಪನಕ್ಕೆ ಹಾಸನದ ನಮ್ಮ ಅಡುಗೆಮನೆಯ ತಟ್ಟೆಗಳು ಸದ್ದು ಮಾಡಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಅಷ್ಟು ಸಣ್ಣ ನಡುಕದಿಂದ ಗೊರೂರಿನ ಹೇಮಾವತಿ ಅಣೆಕಟ್ಟೆಗೆ ಧಕ್ಕೆಯಾಗುತ್ತದೆ ಎಂದು ಯಾರನ್ನೂ ಹೆದರಿಸುವ ಉದ್ದೇಶ ನನ್ನದಲ್ಲ. ಆದರೆ ಜಿಲ್ಲೆ ಭೂಕಂಪ ನಕ್ಷೆಯಲ್ಲಿ ಕಡಿಮೆ ಅಪಾಯದ 2ನೇ ವಲಯದಲ್ಲಿ ಗುರುತಿಸಿಕೊಂಡು ಬಂದಿದೆ ಎಂಬ ಒಂದೇ ಕಾರಣಕ್ಕೆ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸುವುದು ಸರಿಯೆನಿಸುವುದಿಲ್ಲ.

ಮಹಾರಾಷ್ಟ್ರದ ಕೊಯ್ನಾ ಕಣಿವೆಯ ಬಗ್ಗೆಯೂ ಒಂದು ಕಾಲದಲ್ಲಿ ಇದೇ ನಂಬಿಕೆಯಿತ್ತು. ಅಲ್ಲಿನ 103 ಮೀಟರ್ ಎತ್ತರದ ಕಾಂಕ್ರೀಟ್ ಅಣೆಕಟ್ಟೆಯ ವಿನ್ಯಾಸದಲ್ಲಿ ಭೂಕಂಪಕ್ಕೆಂದು ಲೆಕ್ಕ ಹಿಡಿದ ಅಡ್ಡಬಲ ಕಟ್ಟೆಯ ತೂಕದ ಶೇ 5ರಷ್ಟು ಮಾತ್ರ; 1967ರ ಡಿಸೆಂಬರ್ 11ರ ಭೂಕಂಪದಲ್ಲಿ ಅಲ್ಲಿ ದಾಖಲಾದ ಕಂಪನದ ಬಲ ಅದರ ಹಲವು ಪಟ್ಟು. ಕಟ್ಟೆಯ ಮೇಲ್ಭಾಗದಲ್ಲಿ ಬಿರುಕು ಬಿಟ್ಟಿತು, ಆಮೇಲೆ ಕೇಬಲ್ ಬಿಗಿದು, ಆಸರೆಗೋಡೆ ಕಟ್ಟಿ ಭದ್ರಪಡಿಸಬೇಕಾಯಿತು.

ನಮ್ಮದು ಬಹುಪಾಲು ಮಣ್ಣಿನ ಏರಿ, ನಡುವೆ ಕಲ್ಲುಗಾರೆಯ ಕೋಡಿ. ಹಾಗಾಗಿ ನಮಗೆ ಹತ್ತಿರದ ಪಾಠ 2001ರ ಭುಜ್ ಭೂಕಂಪದ್ದು. ಕಛ್‌ನಲ್ಲಿ ಹಲವು ಮಣ್ಣಿನ ಏರಿಗಳ ತಳದ ಮರಳುಮಣ್ಣು ನೀರು ಕುಡಿದಿದ್ದರಿಂದ ಅಲುಗಾಟಕ್ಕೆ ಕೆಸರಿನಂತೆ ಸಡಿಲಗೊಂಡು, ಏರಿಗಳು ಕುಸಿದು ಉದ್ದುದ್ದಕ್ಕೆ ಸೀಳಿದವು. ಆ ವರ್ಷ ಜಲಾಶಯಗಳಲ್ಲಿ ನೀರು ತೀರಾ ಕಡಿಮೆಯಿದ್ದುದೇ ಪುಣ್ಯ. 37.10 ಟಿಎಂಸಿ ಅಡಿ ತುಂಬಿದ ಗೊರೂರಿನ ವಿಷಯದಲ್ಲಿ ಅಂಥ ಪುಣ್ಯವನ್ನು ನೆಚ್ಚಿಕೊಳ್ಳುವಂತಿಲ್ಲ.

ನೀರಾವರಿ ಕಾಮಗಾರಿಗಳಲ್ಲಿ ದುಡಿದು ನಿವೃತ್ತನಾದ ನನ್ನ ಅನುಭವದಲ್ಲಿ, ಏರಿಯ ಆರೋಗ್ಯ ಗೊತ್ತಾಗುವುದು ಅದರ ಬುಡದ ಬಸಿಗಾಲುವೆಯಲ್ಲಿ. ಅಲ್ಲಿ ವಿ ಆಕಾರದಲ್ಲಿ ಕೊರೆದ ತಗಡಿನ ಮೇಲೆ ಹರಿಯುವ ಬಸಿನೀರಿನ ಎತ್ತರವನ್ನು ಅಳತೆಪಟ್ಟಿಯಲ್ಲಿ ನೋಡಿ ಬರೆದಿಡಬೇಕು. ನೀರು ತಿಳಿಯಾಗಿದ್ದರೆ ಸರಿ, ಕಲಕಿ ಬಂದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಎಂದೇ ಅರ್ಥ. ಹಿಂದೊಮ್ಮೆ ಬೇರೊಂದು ಹಳೆಯ ಏರಿಗೆ ಹೋಗಿದ್ದಾಗ ಆ ತಗಡು ಹುಲ್ಲಿನಲ್ಲಿ ಮುಚ್ಚಿಹೋಗಿತ್ತು, ರಿಜಿಸ್ಟರಿನಲ್ಲಿ ಮಾತ್ರ ತಿಂಗಳುಗಟ್ಟಲೆ ಒಂದೇ ಅಂಕಿ ದುಂಡಗೆ ಬರೆದಿತ್ತು! ಕಂಪನಕ್ಕೆ ಮುಂಚಿನ ಅಳತೆಯೇ ನಂಬುವಂತಿಲ್ಲದಿದ್ದರೆ, ಕಂಪನದ ನಂತರ ಏನಾಯಿತೆಂದು ಯಾವುದರ ಜೊತೆ ಹೋಲಿಸಿ ನೋಡುವುದು?

ಮಣ್ಣಿನ ಏರಿ ಕಲ್ಲುಕಟ್ಟಡವನ್ನು ಸೇರುವ ಸಂದು ಇನ್ನೊಂದು ಸೂಕ್ಷ್ಮ ಜಾಗ. ಎರಡೂ ಒಂದೇ ರೀತಿ ಅಲುಗುವುದಿಲ್ಲವಾದ್ದರಿಂದ ಅಲ್ಲಿ ಬಿರುಕು ಬಿಟ್ಟು ನೀರು ದಾರಿ ಮಾಡಿಕೊಳ್ಳಬಹುದು. ಇನ್ನು ಗೇಟುಗಳು: ಆಪತ್ತಿನಲ್ಲಿ ನೀರಿನ ಮಟ್ಟ ತಗ್ಗಿಸಲು ಅವು ಏಳಲೇಬೇಕು, ವಿದ್ಯುತ್ ಹೋದರೂ ಏಳಬೇಕು. ಗೇಟು ಕೈಕೊಡಲು ಭೂಕಂಪವೇ ಆಗಬೇಕಿಲ್ಲ: 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದದ್ದು ಭೂಕಂಪದಿಂದಲ್ಲ, ಸರಪಳಿ ತುಂಡಾಗಿ.

2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆಯ ಪ್ರಕಾರ 30 ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಎತ್ತರದ ಅಣೆಕಟ್ಟೆಗಳಲ್ಲಿ ಭೂಕಂಪ ಮಾಪನ ಕೇಂದ್ರ ಇರಬೇಕು. ಸ್ವತಂತ್ರ ತಜ್ಞರ ಸಮಗ್ರ ಪರಿಶೀಲನೆ ಮತ್ತು ತುರ್ತು ಕ್ರಿಯಾ ಯೋಜನೆ ಕಾಯ್ದೆ ಜಾರಿಯಾದ 5 ವರ್ಷಗಳೊಳಗೆ, ಅಂದರೆ 2026ರ ಡಿಸೆಂಬರ್ ಅಂತ್ಯದೊಳಗೆ ಆಗಬೇಕು. ಗೊರೂರಿನ ಜೊತೆಗೆ ಅದಕ್ಕಿಂತ ಹಳೆಯದಾದ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಪರಿಶೀಲನೆಯಲ್ಲೂ ಇಂದಿನ ಭೂಕಂಪ ಮಾನದಂಡದ ಲೆಕ್ಕವನ್ನು ಹೊಸದಾಗಿ ಹಾಕಿಸಿ, ಏರಿಯ ಬುಡಕ್ಕೆ ಹೆಚ್ಚುವರಿ ಮಣ್ಣಿನ ಆಸರೆಯೋ, ನೀರು ಬಿಟ್ಟು ಮಣ್ಣು ತಡೆಯುವ ಸೋಸುಪದರವೋ ಬೇಕಾಗುತ್ತದೆಯೇ ಎಂಬುದನ್ನು ತೀರ್ಮಾನಿಸಲಿ. ಮುಂದೆ ಭೂಮಿ ಕಂಪಿಸಿದ ದಿನ ‘ಅಣೆಕಟ್ಟೆ ಸುರಕ್ಷಿತ’ ಎಂಬ ಒಂದು ಸಾಲಿನ ಪ್ರಕಟಣೆಯ ಜೊತೆಗೆ, ಕಂಪನಕ್ಕೆ ಮುಂಚಿನ ಮತ್ತು ನಂತರದ ಬಸಿನೀರಿನ ಅಳತೆಗಳನ್ನೂ ಗೊರೂರು, ಹೊಳೆನರಸೀಪುರದ ಹೊಳೆದಂಡೆಯ ಜನರಿಗೆ ತಿಳಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಕಿರಿಯ ಎಂಜಿನಿಯರ್, ಹಾಸನ