ಮೀನು ಕೊಯ್ಯುವ ಮೇಜಿನ ಕಡೆಗೂ ಸ್ವಲ್ಪ ನೋಡಿ

ಮಾನ್ಯ ಸಂಪಾದಕರೇ,

ಮೀನು ಹಿಡಿಯುವುದರ ಬಗ್ಗೆ ಬರಹ ಬಂದಾಗಲೆಲ್ಲ ನಾನು ಬಿಡದೆ ಓದುತ್ತೇನೆ. ಬಲೆ, ಗಾಳ, ದೋಣಿ, ಎಂಜಿನ್ ಎಲ್ಲದರ ವಿಷಯವೂ ಇರುತ್ತದೆ. ಹಿಡಿದ ಮೀನನ್ನು ಕೊಯ್ದು ಸ್ವಚ್ಛ ಮಾಡುವ ಮಾತು ಬಂದರೆ ಮಾತ್ರ ಯಾವ ಚೂರಿ ಒಳ್ಳೆಯದು ಎನ್ನುವಲ್ಲಿಗೆ ಮುಗಿದುಹೋಗುತ್ತದೆ. ಚೂರಿ ಮುಖ್ಯವೇ. ಆದರೆ ಅದು ಓಡುವುದು ಒಂದು ಮೇಜಿನ ಮೇಲೆ ಅಲ್ವಾ? ಆ ಮೇಜಿಗಾಗಿ ಈ ಪತ್ರ.

ಕೆಲವು ವರ್ಷಗಳ ಹಿಂದೆ ನಾನು ಮೀನು ಕೊಯ್ಯುತ್ತಿದ್ದದ್ದು ನುಣುಪಾದ ಸ್ಟೀಲ್ ಮೇಜಿನ ಮೇಲೆ. ಅದು ನನ್ನ ತೊಡೆಯ ಮಟ್ಟಕ್ಕಿತ್ತು. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಳ್ಳುತ್ತಿತ್ತು. ನೀರು ಹರಿದುಹೋಗಲು ದಾರಿ ಇರಲಿಲ್ಲ. ಲೋಳೆ, ರಕ್ತ, ಹುರುಪೆ ಎಲ್ಲ ಅಲ್ಲೇ ನಿಂತಿರುತ್ತಿತ್ತು. ಒಂದು ದಿನ ಮೀನೊಂದು ಸರ್ರನೆ ಜಾರಿತು. ಬೀಳದಿರಲಿ ಎಂದು ಗಬಕ್ಕನೆ ಹಿಡಿದೆ. ಬೆನ್ನಿನ ರೆಕ್ಕೆಯ ಮುಳ್ಳು ಹೆಬ್ಬೆರಳಿಗೆ ಚುಚ್ಚಿತು. ಒಂದು ಹನಿ ರಕ್ತ, ಅಷ್ಟೇ. ತೊಳೆದುಕೊಂಡು ಕೆಲಸ ಮುಂದುವರಿಸಿದೆ.

ಸುಮಾರು 3 ವಾರ ಕಳೆದ ಮೇಲೆ ಅದೇ ಜಾಗದಲ್ಲಿ ಕೆಂಪಗೆ ಗಂಟು ಎದ್ದಿತು. ಮಾಮೂಲಿ ಮಾತ್ರೆಗೆ ಇಳಿಯಲಿಲ್ಲ. ಕೊನೆಗೆ ಚರ್ಮದ ಡಾಕ್ಟರೊಬ್ಬರು ಬೆರಳು ನೋಡಿದವರೇ ಕೇಳಿದರು, "ಮೀನಿನ ಕೆಲಸ ಮಾಡ್ತೀರಾ?" ಮೈಕೋಬ್ಯಾಕ್ಟೀರಿಯಂ ಮರೈನಮ್ ಎಂಬ ಬ್ಯಾಕ್ಟೀರಿಯಾ ಅದು. ಕ್ಷಯ ತರುವ ಬ್ಯಾಕ್ಟೀರಿಯಾದ ಕುಲವೇ. ನೀರಿನಲ್ಲಿ, ಮೀನಿನ ಮೈಯಲ್ಲಿ ಇರುತ್ತದೆ, ಸಣ್ಣ ಗಾಯ ಸಿಕ್ಕರೆ ಒಳಗೆ ಹೋಗುತ್ತದೆ. ತಿಂಗಳುಗಟ್ಟಲೆ ಔಷಧಿ ತೆಗೆದುಕೊಂಡೆ. ಮೀನು ಮುಟ್ಟುವ ಎಲ್ಲರಿಗೂ ಇದನ್ನು ಹೇಳಬೇಕು ಅನಿಸುತ್ತದೆ: ಚುಚ್ಚಿದ ಜಾಗ ವಾರಗಳ ಮೇಲೆ ಊದಿಕೊಂಡರೆ, ಡಾಕ್ಟರು ಕೇಳುವ ಮೊದಲೇ ಮೀನಿನ ವಿಷಯ ನೀವೇ ಹೇಳಿ.

ಗಾಯ ಮಾಡಿದ್ದು ಚೂರಿಯಲ್ಲ, ಮೇಜು. ಹಾಗಾಗಿ ನಾನು ಹೊಸ ಮೇಜು ಮಾಡಿಸುವಾಗ ಒಂದೊಂದು ಇಂಚಿಗೂ ತಲೆ ಕೆಡಿಸಿಕೊಂಡೆ.

ಮೊದಲನೆಯದು ಎತ್ತರ. ನೆಟ್ಟಗೆ ನಿಂತು ಮೊಣಕೈ ಮಡಚಿದಾಗ, ಅದಕ್ಕಿಂತ ಸುಮಾರು 10 ಸೆಂ.ಮೀ. ಕೆಳಗೆ ಮೀನು ಇದ್ದರೆ ಕೈಗೂ ಸುಖ, ಬೆನ್ನಿಗೂ ಸುಖ. ಎಲ್ಲರೂ ಒಂದೇ ಎತ್ತರ ಇರುವುದಿಲ್ಲವಲ್ಲ, ಅದಕ್ಕೆ ಮೇಜನ್ನು ಉದ್ದ ಇರುವವರ ಅಳತೆಗೆ ಮಾಡಿ, ಗಿಡ್ಡ ಇರುವವರಿಗೆ ನಿಲ್ಲಲು ಒಂದು ಗಟ್ಟಿ ಹಲಗೆ ಹಾಕಬೇಕು. ತಗ್ಗಿನ ಮೇಜಿಗೆ ಮಾತ್ರ ಮದ್ದೇ ಇಲ್ಲ. ಎತ್ತರದವರು ಬಗ್ಗಲೇಬೇಕು.

ಎರಡನೆಯದು ನೀರು. ಒಂದು ಮೀಟರಿಗೆ 2 ಸೆಂ.ಮೀ. ಇಳಿಜಾರು ಸಾಕು, ಮೀನು ಜಾರುವುದಿಲ್ಲ, ನೀರು ನಿಲ್ಲುವುದಿಲ್ಲ. ಆದರೆ ಇಳಿಜಾರು ಕೆಲಸ ಮಾಡುವವರ ಕಾಲಿನ ಕಡೆಗೆ ಇರಬಾರದು. ಎಷ್ಟೋ ಕಡೆ ಹಾಗೇ ಇರುತ್ತದೆ, ದಿನವಿಡೀ ಒದ್ದೆ ಕಾಲಲ್ಲಿ ನಿಲ್ಲಬೇಕು, ನೆಲವೂ ಜಾರುತ್ತದೆ. ನೀರು ಹೋಗುವ ತೂತಿಗೆ ತೆಗೆದು ತೊಳೆಯುವಂಥ ಜಾಲರಿ ಬೇಕು. ಇಲ್ಲದಿದ್ದರೆ ಹುರುಪೆ ಹೋಗಿ ಪೈಪು ಕಟ್ಟುವುದು ಗ್ಯಾರಂಟಿ. ತೊಳೆಯಲು ಕುಡಿಯುವಷ್ಟು ಶುದ್ಧ ನೀರೇ ಆಗಬೇಕು. ದಡದ ಪಕ್ಕದ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಸುರಿದರೆ ತೊಳೆದಂತಲ್ಲ, ಕೊಳೆ ಹಚ್ಚಿದಂತೆ.

ಇನ್ನು ಮಣೆ. ಸ್ಟೀಲು, ಗಾಜು, ಕಲ್ಲಿನ ಮೇಲೆ ಕೊಯ್ದರೆ ಚೂರಿಯ ಬಾಯಿ ಬೇಗ ಹೋಗುತ್ತದೆ. ಮರ ನೀರು ಹೀರಿಕೊಳ್ಳುತ್ತದೆ. ದಪ್ಪನೆಯ ಬಿಳಿ ಪ್ಲಾಸ್ಟಿಕ್ ಮಣೆ, ಅಂದರೆ ಪಾಲಿಥಿನ್ನಿನದು, ನನಗೆ ಹಿಡಿಸಿತು. ಗೀರು ಜಾಸ್ತಿಯಾದರೆ ಮೇಲ್ಮೈ ಹೆರೆಸಬಹುದು. ಮಣೆಯನ್ನು ಮೇಜಿನ ಮಟ್ಟದಿಂದ 4-5 ಸೆಂ.ಮೀ. ಎತ್ತರಿಸಿ, ಅಲುಗಾಡದಂತೆ ಕೂರಿಸಬೇಕು. ಯಾಕೆ ಅಂತ ಮುಳ್ಳು ಬಿಡಿಸಿದವರಿಗೆ ಗೊತ್ತು. ಕಿವಿರಿನ ಹಿಂದೆ ನಡುಮುಳ್ಳು ತಾಗುವವರೆಗೆ ಕೊಯ್ದು, ಚೂರಿಯನ್ನು ಮಲಗಿಸಿ ಬಾಲದ ಕಡೆಗೆ ಓಡಿಸುತ್ತೇವೆ. ಪಕ್ಕೆಯ ಮುಳ್ಳುಗಳ ಬುಡ ತುಂಡಾಗುವಾಗ ಟಿಕ್ ಟಿಕ್ ಎಂದು ಕೈಗೇ ಕೇಳಿಸುತ್ತದೆ. ಆಮೇಲೆ ಹೋಳನ್ನು ಚರ್ಮ ಕೆಳಗಾಗಿ ಇಟ್ಟು, ಬಾಲದ ತುದಿಯ ಚರ್ಮ ಹಿಡಿದು ಎಳೆಯಬೇಕು. ಚೂರಿ ಮಣೆಗೆ ಹೆಚ್ಚುಕಮ್ಮಿ ಅಂಟಿಕೊಂಡೇ ಇರಬೇಕು. ಮಣೆ ಮೇಜಿನ ಮಟ್ಟಕ್ಕೇ ಇದ್ದರೆ ಚೂರಿಯ ಹಿಡಿ ಹಿಡಿದ ಬೆರಳಿನ ಗೆಣ್ಣು ಮೇಜಿಗೆ ಬಡಿಯುತ್ತದೆ. ಚೂರಿ ಮೇಲೇಳುತ್ತದೆ. ಅರ್ಧ ಮಾಂಸ ಚರ್ಮದಲ್ಲೇ ಉಳಿಯುತ್ತದೆ. ಕೈಚಳಕ ಸಾಲದು ಎಂದು ಸುಮ್ನೆ ಬೈಸಿಕೊಳ್ಳುವ ಹೊಸಬರನ್ನು ನೋಡಿದ್ದೇನೆ. ತಪ್ಪು ಅವರದ್ದಲ್ಲ.

ಕೆಲಸದ ದಿಕ್ಕೂ ಒಂದೇ ಇರಲಿ. ನಾನು ಬಲಗೈಯವನು. ಮೀನು ಎಡದಿಂದ ಬರುತ್ತದೆ, ಹುರುಪೆ ತೆಗೆಯುವುದು ಎಡತುದಿಯಲ್ಲಿ, ಕರುಳು ಬೀಳುವ ತೂತು ಮಧ್ಯದಲ್ಲಿ, ಅದರ ಕೆಳಗೆ ಮುಚ್ಚಳದ ಬಕೆಟ್, ಬಲತುದಿಯಲ್ಲಿ ಐಸ್ ಪೆಟ್ಟಿಗೆ. ಕೊಳೆ ಯಾವತ್ತೂ ಶುದ್ಧ ಮಾಂಸದ ಮೇಲಿಂದ ಹಾದುಹೋಗಬಾರದು. ಹುರುಪೆ ತೆಗೆಯಲು ಚೂರಿ ಹಾಳು ಮಾಡಬೇಡಿ. ಮೀನನ್ನು ಒದ್ದೆ ಮಾಡಿ, ಚಮಚದ ಅಂಚಿನಿಂದ ಬಾಲದಿಂದ ತಲೆಯ ಕಡೆಗೆ ಉಜ್ಜಿದರೆ ಸಾಕು. ಅದೇ ಚಮಚ ನಡುಮುಳ್ಳಿಗೆ ಅಂಟಿದ ಕಪ್ಪು ರಕ್ತ ಕೆರೆಯಲೂ ಬರುತ್ತದೆ. ಹೊಟ್ಟೆ ಸೀಳುವಾಗ ಚೂರಿಯ ತುದಿ ಆಳಕ್ಕೆ ಹೋಗದಿರಲಿ. ಪಿತ್ತದ ಚೀಲ ಒಡೆದರೆ ತಾಗಿದಷ್ಟೂ ಕಹಿ.

ಚೂರಿಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಮುಳ್ಳು ಬಿಡಿಸಲು 15ರಿಂದ 20 ಸೆಂ.ಮೀ. ಉದ್ದದ, ಬಳುಕುವ ತೆಳು ಅಲಗು. ತಲೆ ಕಡಿಯಲು ಬೇರೆ ಗಟ್ಟಿ ಚೂರಿ. ರೆಕ್ಕೆಗೆ ಕತ್ತರಿ, ಉಳಿದ ಸಣ್ಣ ಮುಳ್ಳಿಗೆ ಇಕ್ಕಳ. ಮೀನು ಹಿಡಿಯುವ ಕೈಗೆ ಸುಲಭವಾಗಿ ಹರಿಯದ ಗ್ಲೌಸ್. ನನ್ನ ಹೆಬ್ಬೆರಳಿನ ಗಂಟಿನ ಕಲೆ ಇವತ್ತಿಗೂ ಇದೆ, ಗ್ಲೌಸ್ ಇಲ್ಲದೆ ಮೀನಿಗೆ ಕೈ ಹಾಕುವುದಿಲ್ಲ.

ಐಸನ್ನೂ ಮೇಜಿನ ಭಾಗವೇ ಎಂದು ತಿಳಿಯಬೇಕು. ಸೆಕೆಯ ಜಾಗದಲ್ಲಿ ಮೀನಿನಷ್ಟೇ ತೂಕದ ಐಸ್ ಬೇಕಾಗುತ್ತದೆ. ಇಡೀ ಮೀನಿಗೆ ಐಸಿನ ಜತೆ ಸ್ವಲ್ಪ ನೀರು ಸೇರಿಸಿದರೆ ಬೇಗ ತಣ್ಣಗಾಗುತ್ತದೆ, ನೀರು ಮೈಗೆಲ್ಲ ತಾಗುತ್ತದಲ್ಲ. ಕೊಯ್ದ ಹೋಳನ್ನು ಮಾತ್ರ ನೇರ ನೀರಿಗೆ ಹಾಕದೆ, ಚೀಲಕ್ಕೆ ಹಾಕಿ ಐಸಿನಲ್ಲಿ ಹೂಳಬೇಕು. ಟ್ಯೂನಾ, ಬಂಗುಡೆಯಂಥ ಮೀನುಗಳು ಬಿಸಿಯಲ್ಲಿ ಉಳಿದರೆ ಮಾಂಸದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಹುಟ್ಟುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪಾಗುತ್ತದೆ, ತಲೆ ಸಿಡಿಯುತ್ತದೆ.

ಕೆಲಸ ಮುಗಿದ ಮೇಲೆ ಬಿಸಿನೀರು ಸುರಿಯುವ ಆತುರ ಬೇಡ. ರಕ್ತ, ಲೋಳೆ ಬೆಂದು ಮಣೆಗೇ ಹಿಡಿದುಕೊಳ್ಳುತ್ತದೆ. ಮೊದಲು ತಣ್ಣೀರು, ಆಮೇಲೆ ಸೋಪು ಮತ್ತು ಬ್ರಷ್.

ಮೀನು ಇಳಿಸುವ ಜಾಗಗಳನ್ನು ಕಟ್ಟುವವರಿಗೆ ನನ್ನದೊಂದು ಕೇಳಿಕೆ. ನಕ್ಷೆ ಹಾಕುವ ಮೊದಲು ಅಲ್ಲಿ ದಿನವೂ ನಿಂತು ಮೀನು ಕೊಯ್ಯುವವರ ಮೊಣಕೈಯ ಎತ್ತರ ಅಳೆದುಕೊಳ್ಳಿ. ಅರ್ಧ ಗಂಟೆಯ ಕೆಲಸ. ನೀವೂ, ಸಂಪಾದಕರೇ, ಮುಂದಿನ ಸಲ ಚೂರಿಗಳ ಬಗ್ಗೆ ಬರಹ ಹಾಕಿದಾಗ ಪಕ್ಕದಲ್ಲಿ ಒಂದು ಮೇಜಿನ ಚಿತ್ರವನ್ನು ಅಳತೆ ಸಮೇತ ಹಾಕಿ. ಬೇಕಿದ್ದರೆ ನನ್ನ ಮೇಜಿನ ಅಳತೆಯನ್ನು ಖುಷಿಯಿಂದ ಬರೆದು ಕಳಿಸುತ್ತೇನೆ.

ಇಂತಿ,
ನಿಮ್ಮ ಓದುಗ