ಆಟಗಾರರ ಆಯ್ಕೆಯಲ್ಲಿ ಕಡೆಯ ಮಾತು ಯಾರದು?

ಮಾನ್ಯ ಸಂಪಾದಕರೇ,

ಯುರೋಪಿನ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಆಟಗಾರರ ಖರೀದಿಯ ವಿಷಯವಾಗಿ ಮ್ಯಾನೇಜರ್ (ಅಂದರೆ ತಂಡವನ್ನು ಆಡಿಸುವ ಮುಖ್ಯ ತರಬೇತುದಾರ) ಮತ್ತು ಮಾಲೀಕರ ನಡುವೆ ಮನಸ್ತಾಪ ಹುಟ್ಟಿದಾಗಲೆಲ್ಲ ನಮ್ಮ ಕನ್ನಡ ಪತ್ರಿಕೆಗಳ ಕ್ರೀಡಾ ಪುಟಗಳು ಅದನ್ನು ಇಬ್ಬರು ಹಟಮಾರಿಗಳ ಜಗಳದಂತೆ ವರದಿ ಮಾಡುತ್ತವೆ. ಮ್ಯಾನೇಜರ್ ಸುದ್ದಿಗೋಷ್ಠಿಯಲ್ಲಿ ಮುಖ ಗಂಟಿಕ್ಕಿಕೊಂಡು ಕೂತದ್ದು, ಮಾಲೀಕರು ಪಂದ್ಯದ ನಡುವೆ ಎದ್ದು ಹೋದದ್ದು, ಇಂಥವೇ ತಲೆಬರಹಗಳಾಗುತ್ತವೆ. ಒಬ್ಬ ಆಟಗಾರನನ್ನು ತರಬೇಕೋ ಬೇಡವೋ ಎಂಬುದರಲ್ಲಿ ಕಡೆಯ ಮಾತು ಯಾರದು, ಮ್ಯಾನೇಜರ್ ಕೆಲಸಕ್ಕೆ ಸೇರುವಾಗ ಆ ಬಗ್ಗೆ ಏನೆಂದು ಮಾತಾಗಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಮೈದಾನಗಳಲ್ಲಿ ಫುಟ್‌ಬಾಲ್ ನೋಡುವ, ಸಣ್ಣ ತಂಡಗಳ ಓಡಾಟದಲ್ಲಿ ಕೈಜೋಡಿಸುವ ನಮ್ಮಂಥವರಿಗೂ ಈ ಪ್ರಶ್ನೆ ಪರಕೀಯವಲ್ಲದ ಕಾರಣ ಈ ಪತ್ರ ಬರೆಯುತ್ತಿದ್ದೇನೆ.

ಈ ವಿಚಾರದಲ್ಲಿ ಮರೆಯಬಾರದ ಪ್ರಕರಣವೆಂದರೆ ಇಂಗ್ಲೆಂಡಿನ ನ್ಯೂಕ್ಯಾಸಲ್ ಯುನೈಟೆಡ್‌ನದು. 2008ರ ಜನವರಿಯಲ್ಲಿ ಕೆವಿನ್ ಕೀಗನ್ ಆ ಕ್ಲಬ್ಬಿಗೆ ಮ್ಯಾನೇಜರ್ ಆಗಿ ಮರಳಿದಾಗ ಊರಿಗೆ ಊರೇ ಸಂಭ್ರಮಿಸಿತ್ತು. ಮಾಲೀಕ ಮೈಕ್ ಆ್ಯಶ್ಲಿ ಕೆಲವೇ ದಿನಗಳಲ್ಲಿ ಆಟಗಾರರ ನೇಮಕದ ಹೊಣೆಯನ್ನು ಹೊತ್ತ ಅಧಿಕಾರಿಯಾಗಿ ಡೆನಿಸ್ ವೈಸ್ ಅವರನ್ನು ತಂದರು; ಆದರೂ ತಂಡಕ್ಕೆ ಯಾರು ಬರಬೇಕೆಂಬುದರಲ್ಲಿ ಕೀಗನ್ ಅವರದೇ ಅಂತಿಮ ತೀರ್ಮಾನ ಎಂದು ಕ್ಲಬ್ ಹೊರಗೆ ಹೇಳಿಕೊಂಡು ಬಂದಿತು. ಆಗಸ್ಟ್ ತಿಂಗಳ ಕೊನೆಯಲ್ಲಿ ಉರುಗ್ವೆಯ ಇಗ್ನಾಸಿಯೊ ಗೊನ್ಸಾಲೆಸ್ ಎಂಬ ಆಟಗಾರನ ಹೆಸರು ಬಂದಾಗ, ಯೂಟ್ಯೂಬಿನಲ್ಲಿ ಅವನ ಆಟ ನೋಡಿರೆಂದು ಕೀಗನ್‌ಗೆ ಹೇಳಲಾಯಿತು. ಕ್ಲಬ್ಬಿನಲ್ಲಿ ಯಾರೊಬ್ಬರೂ ಅವನು ಆಡುವುದನ್ನು ಕಣ್ಣಾರೆ ಕಂಡಿರಲಿಲ್ಲ. ಕೀಗನ್ ಬೇಡವೆಂದರು. ಹಾಗಿದ್ದೂ ಅವನನ್ನು ಎರವಲಿನ ಮೇಲೆ ತರಲಾಯಿತು; ದಕ್ಷಿಣ ಅಮೆರಿಕದ ಏಜೆಂಟರನ್ನು ಒಲಿಸಿಕೊಳ್ಳಲು ಹೀಗೆ ಮಾಡಲಾಯಿತೆಂಬ ಸಂಗತಿ ಆಮೇಲೆ ವಿಚಾರಣೆಯಲ್ಲಿ ಹೊರಬಂತು. ಸೆಪ್ಟೆಂಬರಿನ ಮೊದಲ ವಾರದಲ್ಲಿಯೇ ಕೀಗನ್ ರಾಜೀನಾಮೆ ಕೊಟ್ಟರು.

ಇಂಗ್ಲೆಂಡಿನ ಅತಿ ಮೇಲಿನ ದರ್ಜೆಯ ಟೂರ್ನಿಯಾದ ಪ್ರೀಮಿಯರ್ ಲೀಗಿನ ನ್ಯಾಯಮಂಡಳಿ 2009ರ ಅಕ್ಟೋಬರಿನಲ್ಲಿ ಕೊಟ್ಟ ತೀರ್ಪು, ಕೀಗನ್ ತಾವಾಗಿ ಬಿಟ್ಟು ಹೋದದ್ದಲ್ಲ, ಕ್ಲಬ್ಬೇ ಅವರನ್ನು ಬಿಡುವಂತೆ ಮಾಡಿತು ಎಂದು ಹೇಳಿ, 20 ಲಕ್ಷ ಪೌಂಡ್ ಪರಿಹಾರ ಕೊಡಿಸಿತು. ನನಗೆ ಹಣದ ಮೊತ್ತಕ್ಕಿಂತ ಮುಖ್ಯವೆನಿಸುವುದು ವಿಚಾರಣೆಯಲ್ಲಿ ಕ್ಲಬ್ ಮುಂದಿಟ್ಟ ಸಮರ್ಥನೆ. ಅಂತಿಮ ತೀರ್ಮಾನ ಮ್ಯಾನೇಜರರದೇ ಎಂದು ತಾನು ಸಾರ್ವಜನಿಕವಾಗಿ ಆಡಿದ ಮಾತೆಲ್ಲ ಕೇವಲ ಪ್ರಚಾರಕ್ಕಾಗಿ ಎಂದು ಕ್ಲಬ್ ಅಲ್ಲಿ ವಾದಿಸಿತು. ಪ್ರತಿ ಶನಿವಾರ ಟಿಕೆಟ್ ಕೊಂಡು ಮೈದಾನಕ್ಕೆ ಹೋಗುತ್ತಿದ್ದ ಸಾವಿರಾರು ಜನರಿಗೆ ಬೇಕೆಂದೇ ಸುಳ್ಳು ಹೇಳಿದ್ದೆವು ಎಂದು ಒಪ್ಪಿಕೊಳ್ಳುವುದೇ ಒಂದು ಸಂಸ್ಥೆಗೆ ತನ್ನ ರಕ್ಷಣೆಯ ದಾರಿಯಾಗಿ ಕಂಡಿತೆಂದರೆ ಅದಕ್ಕೆ ಏನು ಹೇಳುವುದು? ಆ ತಂಡ 2009ರ ಮೇ ತಿಂಗಳಲ್ಲಿ ಕೆಳಗಿನ ದರ್ಜೆಗೆ ಇಳಿದಿತ್ತು; ಗೊನ್ಸಾಲೆಸ್ ಅದರ ಪರವಾಗಿ ಆಡಿದ್ದು ಎರಡೇ ಪಂದ್ಯ, ಅದೂ ಬದಲಿ ಆಟಗಾರನಾಗಿ.

ಕೀಗನ್ ಬಿಡುವ ಹಿಂದಿನ ದಿನವೇ ವೆಸ್ಟ್ ಹ್ಯಾಮ್ ಕ್ಲಬ್ಬಿನ ಅಲನ್ ಕರ್ಬಿಶ್ಲಿ ರಾಜೀನಾಮೆ ಕೊಟ್ಟಿದ್ದರು. ಅವರ ಒಪ್ಪಿಗೆಯಿಲ್ಲದೆ ಇಬ್ಬರು ಡಿಫೆಂಡರುಗಳನ್ನು ಸಂಡರ್‌ಲ್ಯಾಂಡ್ ಕ್ಲಬ್ಬಿಗೆ ಮಾರಲಾಗಿತ್ತು. ಯಾರು ಬರಬೇಕು, ಯಾರು ಹೋಗಬೇಕು ಎಂಬುದನ್ನು ನಿರ್ಧರಿಸುವ ಹಕ್ಕು ತಮ್ಮದೆಂದು ಅವರ ಕರಾರಿನಲ್ಲಿಯೇ ಬರೆದಿದ್ದ ಕಾರಣ ಅವರ ಪರವಾಗಿಯೂ ತೀರ್ಪು ಬಂತು. ಬಾಯಿಮಾತಿಗೂ ಬರಹಕ್ಕೂ ಇರುವ ಅಂತರ ಈ ಎರಡು ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತಾನಾಗಿ ತಿಳಿಯುತ್ತದೆ.

ಇದರಿಂದ ಮಾಲೀಕರೆಲ್ಲ ಖಳರು, ಮ್ಯಾನೇಜರುಗಳೆಲ್ಲ ಸಂತರು ಎಂದು ನಾನು ವಾದಿಸುತ್ತಿಲ್ಲ. ಮಾಲೀಕರ ಕಡೆಗೂ ಗಟ್ಟಿಯಾದ ನ್ಯಾಯವಿದೆ. ಮ್ಯಾನೇಜರ್ ಒಂದೆರಡು ವರ್ಷ ಇದ್ದು ಹೋಗುತ್ತಾನೆ, ಅವನು ಹಟ ಹಿಡಿದು ಕೊಡಿಸಿದ ಆಟಗಾರನ ಕರಾರು ಐದು ವರ್ಷದ್ದಿರುತ್ತದೆ, ಹೊಸದಾಗಿ ಬಂದವನಿಗೆ ಆ ಆಟಗಾರ ಬೇಡವಾಗುತ್ತಾನೆ, ಸಂಬಳ ಮಾತ್ರ ಮಾಲೀಕನ ಕಿಸೆಯಿಂದಲೇ ಹೋಗುತ್ತಿರುತ್ತದೆ. ಇನ್ನು ದುಡ್ಡು ಹಾಕುವವನ ಮೋಹವೂ ಅಷ್ಟೇ ದುಬಾರಿಯಾಗಬಲ್ಲದು. 2006ರಲ್ಲಿ ಚೆಲ್ಸಿ ಕ್ಲಬ್ ಸುಮಾರು 3 ಕೋಟಿ ಪೌಂಡ್ ಕೊಟ್ಟು ಆಂದ್ರಿ ಶೆವ್ಚೆಂಕೊ ಅವರನ್ನು ತಂದದ್ದು ಮಾಲೀಕ ರೋಮನ್ ಅಬ್ರಮೋವಿಚ್ ಅವರ ಆಸೆಯಿಂದ ಎಂದು ಆಗ ಎಲ್ಲರೂ ಬರೆದಿದ್ದರು. 2004ರಲ್ಲಿ ಯುರೋಪಿನ ಶ್ರೇಷ್ಠ ಆಟಗಾರನೆನಿಸಿಕೊಂಡಿದ್ದ ಅದೇ ಶೆವ್ಚೆಂಕೊ ಚೆಲ್ಸಿ ಪರ ಲೀಗ್ ಪಂದ್ಯಗಳಲ್ಲಿ ಹೊಡೆದದ್ದು ಒಟ್ಟು ಒಂಬತ್ತು ಗೋಲು. ಮ್ಯಾನೇಜರ್ ಜೋಸೆ ಮೊರಿನ್ಯೊ 2007ರ ಸೆಪ್ಟೆಂಬರಿನಲ್ಲಿ ಹೊರನಡೆದರು. ಅವರಿಗೂ ಮಾಲೀಕರಿಗೂ ನಡುವೆ ಹಳಸಿದ್ದು ಬೇರೆ ಬೇರೆ ಕಾರಣಗಳಿಂದ ಇರಬಹುದು, ಆದರೆ ಈ ಖರೀದಿ ಅವುಗಳಲ್ಲಿ ಸಣ್ಣದಾಗಿರಲಿಲ್ಲ.

ಆಯ್ಕೆ ಮ್ಯಾನೇಜರರದೇ ಆಗಿರಬೇಕೆಂಬ ವಾದಕ್ಕೆ ಎದುರಾಗಿ ನಿಲ್ಲುವ ಉದಾಹರಣೆಯೊಂದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಲಂಡನ್ನಿನ ಬ್ರೆಂಟ್‌ಫರ್ಡ್ ಕ್ಲಬ್ಬಿನ ಮಾಲೀಕ ಮ್ಯಾಥ್ಯೂ ಬೆನಮ್ ಅಂಕಿಅಂಶಗಳ ಲೆಕ್ಕದಿಂದ ಆಟಗಾರರನ್ನು ಆರಿಸುವ ಕ್ರಮವನ್ನು ತಂದವರು. 2015ರಲ್ಲಿ, ತಂಡ ಮೇಲಿನ ದರ್ಜೆಯ ಬಾಗಿಲು ತಟ್ಟುತ್ತಿದ್ದ ಋತುವಿನಲ್ಲಿಯೇ, ಮ್ಯಾನೇಜರ್ ಮಾರ್ಕ್ ವಾರ್ಬರ್ಟನ್ ಋತುವಿನ ಕೊನೆಗೆ ಬಿಡುತ್ತಾರೆಂದು ಫೆಬ್ರವರಿಯಲ್ಲೇ ಪ್ರಕಟವಾಯಿತು. ಮುಂದೆ ಬರುವ ತರಬೇತುದಾರರ ಅಭಿಪ್ರಾಯಕ್ಕೆ ತೂಕ ಇರುತ್ತದೆ, ಆದರೆ ಬೇಡವೆಂದು ತಡೆಯುವ ಪೂರ್ಣ ಅಧಿಕಾರ ಇರುವುದಿಲ್ಲ ಎಂಬ ನಿಲುವಿಗೆ ಕ್ಲಬ್ ಬಂದಿತ್ತು. ವಾರ್ಬರ್ಟನ್‌ಗೆ ಅದು ಒಪ್ಪಿಗೆಯಾಗಲಿಲ್ಲ. ಅಭಿಮಾನಿಗಳು ಮಾಲೀಕರನ್ನು ಬೈದರು. ಆರು ವರ್ಷಗಳ ಬಳಿಕ, 2021ರಲ್ಲಿ, ಅದೇ ಕ್ರಮ ಹಿಡಿದ ಕ್ಲಬ್ ಥಾಮಸ್ ಫ್ರಾಂಕ್ ಅವರ ತರಬೇತಿಯಲ್ಲಿ ಪ್ರೀಮಿಯರ್ ಲೀಗ್ ತಲುಪಿತು. ಹಾಗಾದರೆ ಮಾಲೀಕರ ಕೈಯಲ್ಲಿ ಆಯ್ಕೆ ಇದ್ದರೂ ತಂಡ ಬೆಳೆಯುವುದು ಸಾಧ್ಯ. ನ್ಯೂಕ್ಯಾಸಲ್‌ಗೂ ಬ್ರೆಂಟ್‌ಫರ್ಡ್‌ಗೂ ಇದ್ದ ವ್ಯತ್ಯಾಸ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದರಲ್ಲಿಲ್ಲ. ಒಂದು ಕ್ಲಬ್ ಒಳಗೊಂದು ಹೊರಗೊಂದು ಹೇಳಿತು. ಇನ್ನೊಂದು ಎಲ್ಲರಿಗೂ ಕೇಳುವಂತೆ ಹೇಳಿತು, ಒಪ್ಪದವರು ಮರ್ಯಾದೆಯಿಂದ ಹೊರಟರು.

ಅಂದಹಾಗೆ, ಈ ಜಗಳ ದುಡ್ಡಿನ ಯುಗದಲ್ಲಿ ಹುಟ್ಟಿದ್ದೂ ಅಲ್ಲ. ಇಂಗ್ಲೆಂಡಿನ ರಾಷ್ಟ್ರೀಯ ತಂಡವನ್ನೇ ಬಹುಕಾಲ ಆರಿಸುತ್ತಿದ್ದವರು ಸಮಿತಿಯ ಹಿರಿಯರು. ವಾಲ್ಟರ್ ವಿಂಟರ್‌ಬಾಟಮ್ 1946ರಿಂದ 1962ರವರೆಗೆ ಮ್ಯಾನೇಜರ್ ಆಗಿದ್ದೂ ಆಯ್ಕೆ ಅವರ ಕೈಯಲ್ಲಿರಲಿಲ್ಲ. ಆಯ್ಕೆ ತಮ್ಮದೇ ಆಗಿರಬೇಕೆಂದು ಷರತ್ತು ಹಾಕಿ ಬಂದ ಆಲ್ಫ್ ರ‍್ಯಾಮ್ಸಿ 1966ರಲ್ಲಿ ವಿಶ್ವಕಪ್ ಗೆದ್ದುಕೊಟ್ಟರು.

ಇನ್ನು ನಮ್ಮೂರಿನ ಮಾತು. ನಮ್ಮ ಟೂರ್ನಿಗಳಿಗೆ ಇಳಿಯುವ ಎಷ್ಟೋ ತಂಡಗಳಿಗೆ ಒಬ್ಬ ವ್ಯಾಪಾರಿಯೋ ಗುತ್ತಿಗೆದಾರರೋ ಪ್ರಾಯೋಜಕರಾಗಿರುತ್ತಾರೆ. ಜೆರ್ಸಿ, ಬೂಟು, ಪ್ರವೇಶ ಶುಲ್ಕ, ಹುಡುಗರ ನಾಷ್ಟಾ ಎಲ್ಲ ಅವರದೇ, ಅದಕ್ಕೆ ಅವರಿಗೆ ಕೃತಜ್ಞರಾಗಿಯೇ ಇರಬೇಕು. ಹೆಸರು ಹೇಳಲು ಇಷ್ಟಪಡದ ಅಂಥದೊಂದು ತಂಡದಲ್ಲಿ ನಡೆದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮುಂಜಾನೆ ಆರಕ್ಕೆ ಎದ್ದು ಬಂದು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಹುಡುಗರು ಸೆಮಿಫೈನಲ್ ತಲುಪಿದ್ದರು. ಹಿಂದಿನ ರಾತ್ರಿ ಪ್ರಾಯೋಜಕರು ಗೋವಾ ಕಡೆಯಿಂದ ಮೂವರು ಆಟಗಾರರನ್ನು ಕರೆಸಿದರು. ಪಂದ್ಯಕ್ಕೆ ಅರ್ಧ ತಾಸು ಇರುವಾಗ ಮೂವರು ಹುಡುಗರ ಜೆರ್ಸಿ ಬಿಚ್ಚಿಸಿ, ಬೆನ್ನಿನ ಮೇಲಿದ್ದ ಅವರ ಹೆಸರಿಗೆ ಬಿಳಿ ಟೇಪು ಅಂಟಿಸಿ, ಬಂದವರಿಗೆ ತೊಡಿಸಲಾಯಿತು. ಬಂದವರಲ್ಲಿ ಯಾರು ಎಡಗಾಲಿನವರು, ಯಾರು ಯಾವ ಜಾಗದಲ್ಲಿ ಆಡುವವರು ಎಂಬುದು ಕೂಡ ಕೋಚ್‌ಗೆ ಗೊತ್ತಿರಲಿಲ್ಲ. ಅವರು ಮೆಲ್ಲಗೆ ಆಕ್ಷೇಪ ಎತ್ತಿದಾಗ ಬಂದ ಉತ್ತರ ಇದು: "ರೊಕ್ಕಾ ನಂದು, ಟೀಮು ನಂದು. ನೀವು ಬರೇ ಆಡಸ್ರಿ ಸರ್."

ಆ ಪಂದ್ಯವನ್ನು ತಂಡ ಗೆದ್ದಿತು ಎಂಬುದನ್ನೂ ಹೇಳಬೇಕು, ಗೋವಾದವರು ಚೆನ್ನಾಗಿಯೇ ಆಡಿದರು. ಆದರೆ ಮುಂದಿನ ವರ್ಷ ಆ ತಂಡದ ಅಭ್ಯಾಸಕ್ಕೆ ಬರುವ ಹುಡುಗರು ಅರ್ಧಕ್ಕರ್ಧ ಕಡಿಮೆಯಾದರು, ಕೋಚ್ ಕೂಡ ಬೇರೆ ಕಡೆ ಹೋದರು. ಬೇರೆ ಊರಿನವರನ್ನು ಕರೆಸುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಒಳ್ಳೆಯ ಆಟಗಾರರ ಜೊತೆ ಆಡಿದರೆ ನಮ್ಮ ಹುಡುಗರೂ ಕಲಿಯುತ್ತಾರೆ. ಹೊರಗಿನಿಂದ ಆಟಗಾರರನ್ನು ಕರೆಸುವುದುಂಟು ಎಂದು ಮೊದಲೇ ಹೇಳಿದ್ದರೆ ಒಪ್ಪುವವರು ಒಪ್ಪುತ್ತಿದ್ದರು, ಒಪ್ಪದವರು ಬೇರೆ ತಂಡ ನೋಡಿಕೊಳ್ಳುತ್ತಿದ್ದರು.

ಬ್ರೆಂಟ್‌ಫರ್ಡ್‌ನ ಮಾದರಿ ನಮಗೆ ಹೊಂದುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಮಾಲೀಕರ ಬೆನ್ನಿಗೆ ಅಂಕಿಅಂಶ ನೋಡುವ ತಜ್ಞರ ದಂಡು, ಊರೂರು ಸುತ್ತಿ ಆಟಗಾರರನ್ನು ಹುಡುಕುವ ಸ್ಕೌಟುಗಳು ಇದ್ದಾರೆ. ಇಲ್ಲಿ ಹುಡುಗರ ಆಟವನ್ನು ದಿನವೂ ನೋಡುವವರು ಕೋಚ್ ಒಬ್ಬರೇ. ಆದ್ದರಿಂದ ಎಷ್ಟು ಖರ್ಚು ಎಂಬುದನ್ನು ಪ್ರಾಯೋಜಕರು ನಿರ್ಧರಿಸಲಿ, ಯಾರು ಎಂಬುದನ್ನು ಕೋಚ್ ನಿರ್ಧರಿಸಲಿ. ಖರ್ಚಿನ ಮಿತಿಯನ್ನು ಮೀರಿ ಕೇಳುವ ಹಕ್ಕು ಕೋಚ್‌ಗೆ ಬೇಡ. 2025ರ ಆಗಸ್ಟಿನಲ್ಲಿ, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಡೆಯುವುದೇ ಅನಿಶ್ಚಿತವಾದಾಗ, ಬೆಂಗಳೂರು ಎಫ್‌ಸಿಯಂಥ ಕ್ಲಬ್ಬೇ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿದದ್ದನ್ನು ನೋಡಿದ ಮೇಲೆ, ಈ ಆಟಕ್ಕೆ ಹಣ ಹಾಕುವವರ ಅಳುಕನ್ನು ಹಗುರವಾಗಿ ಕಾಣುವಂತಿಲ್ಲ.

ಟೂರ್ನಿಗಳ ಸಂಘಟಕರಲ್ಲಿ ನನ್ನ ಕೋರಿಕೆ ಇಷ್ಟು. ಪ್ರವೇಶ ಪತ್ರದ ಜೊತೆ ಆಟಗಾರರ ಪಟ್ಟಿಯನ್ನು ಟೂರ್ನಿಗೆ ಒಂದು ವಾರ ಮೊದಲೇ ಪಡೆಯಲಿ, ಅದರ ಮೇಲೆ ಪ್ರಾಯೋಜಕರ ರುಜುವಿನ ಪಕ್ಕದಲ್ಲಿ ಕೋಚ್ ರುಜುವೂ ಇರಲಿ. ಆಮೇಲೆ ಗಾಯದ ಕಾರಣಕ್ಕೆ ಹೆಸರು ಬದಲಿಸಬೇಕಾಗಿ ಬಂದರೆ ಕೋಚ್ ಬರೆದುಕೊಟ್ಟ ಚೀಟಿಯಿಲ್ಲದೆ ಅದನ್ನು ಸ್ವೀಕರಿಸದಿರಲಿ. ತಮ್ಮ ವರದಿಗಾರರೂ ಪ್ರಶಸ್ತಿ ವಿತರಣೆಯ ಫೋಟೊದಡಿ ಪ್ರಾಯೋಜಕರ ಹೆಸರಿನ ಜೊತೆಗೆ ತಂಡವನ್ನು ಆರಿಸಿದವರ ಹೆಸರನ್ನೂ ಕೇಳಿ ಬರೆದರೆ ಉಪಕಾರವಾಗುತ್ತದೆ.

ಇತಿ,
ಫುಟ್‌ಬಾಲ್ ಅಭಿಮಾನಿ ಓದುಗ,
ಹುಬ್ಬಳ್ಳಿ